ರಿಪೇರಿಯಾದ ಆಂಪ್ ಮತ್ತೆ ಸುಟ್ಟಿದ್ಯಾಕೆ? ಕಾರ್ ರೇಡಿಯೊದ ಒಂದು ಹಳೇ ಕಾಯಿಲೆಯ ಕಥೆ

ನ್ಯಾಮತಿಯಿಂದ ಮಾತಾಡ್ತಾ ಇದೀನಿ. ಹೋದ ಸಂಚಿಕೆಯ ಕೊನೆಗೆ ಹೇಳಿದ್ದ ವಿಷಯ ಇವತ್ತು ಬರಲ್ಲ, ಕ್ಷಮಿಸಿ. ಬದಲಿಗೆ ನನ್ನ ಕಾರಿನ ಡಿಕ್ಕಿಯಲ್ಲಿರೋ ಆಂಪ್ಲಿಫೈಯರ್ ಕಥೆ ಹೇಳ್ತೀನಿ. ಇತಿಹಾಸದ ಪಾಡ್‌ಕಾಸ್ಟ್‌ನಲ್ಲಿ ಆಂಪ್ ಯಾಕೆ ಅಂತೀರಾ? ರಿಪೇರಿಗೆ 5,200 ರೂಪಾಯಿ ಕೊಟ್ಟು, ನಾಲ್ಕೇ ದಿನಕ್ಕೆ ಅದು ಮತ್ತೆ ಸತ್ತರೆ, ಮನುಷ್ಯ ಯಾವುದರ ಇತಿಹಾಸ ಬೇಕಾದ್ರೂ ಹುಡುಕ್ತಾನೆ.

ವಿಷಯ ಇಷ್ಟು. ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಹಳೇ ಓನರ್ರೇ ಎರಡು ಚಾನೆಲ್‌ನ ಒಂದು ಆಂಪ್, ಒಂದು ವೂಫರ್ ಹಾಕಿಸಿದ್ರು. ಗಣಪತಿ ಹಬ್ಬಕ್ಕೆ ಮುಂಚೆ ಗೆಳೆಯನೊಬ್ಬ, ಮನೇಲಿ ಸುಮ್ನೆ ಬಿದ್ದಿದೆ ಅಂತ ಇನ್ನೊಂದು ವೂಫರ್ ಕೊಟ್ಟ. ನಾವಿಬ್ರೇ ಕೂತು ಜೋಡಿಸಿದ್ವಿ. ಈ ಮಾತು ಸ್ವಲ್ಪ ನೆನಪಿಟ್ಕೊಳ್ಳಿ. ಮೂರು ವಾರ ಆದ್ಮೇಲೆ ಸವಳಂಗದ ಹತ್ರ ಒಂದು ಸಂಜೆ ಸುಟ್ಟ ವಾಸನೆ ಬಂತು, ಹಾಡು ನಿಂತು ಹೋಯ್ತು. ಡಿಕ್ಕಿ ತೆಗೆದು ನೋಡಿದ್ರೆ ಆಂಪ್ ಮೇಲೆ 'ಪ್ರೊಟೆಕ್ಟ್' ಅಂತ ಬರೆದಿರೋ ಕೆಂಪು ದೀಪ.

ಆಂಪ್ ಮಾತ್ರ ಬಿಚ್ಕೊಂಡು ಶಿವಮೊಗ್ಗದ ಒಂದು ಅಂಗಡಿಗೆ ಹೋದೆ. ಅವರು ತೆಗೆದು ನೋಡಿ, "ಸಪ್ಲೈ ಮಾಸ್ಫೆಟ್ ಎಲ್ಲಾ ಶಾರ್ಟ್ ಆಗಿದಾವೆ ಸಾರ್, ಔಟ್‌ಪುಟ್‌ನಲ್ಲೂ ಒಂದು ಜೊತೆ ಹೋಗಿದೆ" ಅಂದ್ರು. ಎರಡು ದಿನ ಬಿಟ್ಟು ಹೋದಾಗ ಟೇಬಲ್ ಮೇಲೆ ತಮ್ಮದೇ ಸ್ಪೀಕರ್ ಹಾಕಿ, ನನ್ನ ಮುಂದೆನೇ ಅರ್ಧ ಗಂಟೆ ಜೋರಾಗಿ ಹಾಡು ಹಾಕಿ ತೋರಿಸಿದ್ರು. ದುಡ್ಡು ಕೊಟ್ಟು ಖುಷಿಯಾಗಿ ಬಂದೆ. ನಾಲ್ಕನೇ ದಿನ ಹೊನ್ನಾಳಿಗೆ ಹೋಗ್ತಾ, ಊರು ಇನ್ನೂ ಸಿಕ್ಕಿರಲಿಲ್ಲ, ಮತ್ತೆ ಅದೇ ವಾಸನೆ, ಅದೇ ಕೆಂಪು ದೀಪ.

ಫೋನ್ ಮಾಡಿದ್ರೆ ಅವರು ಹೇಳಿದ್ದು ಒಂದೇ ಮಾತು: "ಈ ಸಲ ಗಾಡಿ ತಗೊಂಡು ಬನ್ನಿ ಸಾರ್." ನನಗೆ ರೇಗಿ ಹೋಯ್ತು. ಕೆಟ್ಟಿರೋದು ಆಂಪ್, ಗಾಡಿ ಯಾಕೆ? ಇನ್ನೊಂದಿಷ್ಟು ದುಡ್ಡು ಕೀಳೋಕೆ ಅಂದ್ಕೊಂಡೆ. ಅವತ್ತು ರಾತ್ರಿನೇ ಮ್ಯಾಪ್‌ನಲ್ಲಿ ಆ ಅಂಗಡಿಗೆ ಒಂದು ಸ್ಟಾರ್ ಕೊಟ್ಟು, ನಾಲ್ಕು ಸಾಲು ಬರೆದೆ. ಎಷ್ಟೇ ಆದ್ರೂ ಪಾಡ್‌ಕಾಸ್ಟ್ ಮಾಡೋನು, ಮಾತು ಚೆನ್ನಾಗಿ ಕಟ್ಟೋಕೆ ಬರುತ್ತೆ. ಸುಮಾರು ಜನ ಲೈಕ್ ಒತ್ತಿದ್ರು.

ಆಮೇಲೆ ಸಿಕ್ಕವರು ನಮ್ಮೂರಿನ ಒಬ್ಬ ಯಜಮಾನರು. ಒಂದು ಕಾಲದಲ್ಲಿ ರೇಡಿಯೊ ರಿಪೇರಿ ಮಾಡ್ತಿದ್ರು, ಅಂಗಡಿ ಮುಚ್ಚಿ ಬಹಳ ವರ್ಷ ಆಯ್ತು. ನಾನು ಹೋಗಿದ್ದು ಬೇರೆ ಒಂದು ಸಂಚಿಕೆಗೆ ಮಾತಾಡಿಸೋಣ ಅಂತ. ಮಾತಿನ ಮಧ್ಯೆ ನನ್ನ ಆಂಪ್ ಗೋಳು ಹೇಳಿಕೊಂಡೆ. ಅವರು ಎಲ್ಲಾ ಕೇಳಿಸಿಕೊಂಡು, "ತಮ್ಮಾ, ಅದರಾಗೆ ವೈಬ್ರೇಟರ್ ಐತೇನು?" ಅಂದ್ರು.

ನನಗೆ ನಗು ಬಂತು. ವೈಬ್ರೇಟರ್ ಇರೋದು ಫೋನ್‌ನಲ್ಲಿ ಅಲ್ವಾ? ಅವರು ನಗಲಿಲ್ಲ. ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದು ಕೈಯಲ್ಲಿಟ್ರು. ಸಣ್ಣ ಟಾರ್ಚಿನಷ್ಟು ದಪ್ಪ, ಕೆಳಗಡೆ ಮುಳ್ಳಿನ ಹಾಗೆ ಪಿನ್ನುಗಳು. ಇವತ್ತಿನ ಕಥೆ ಆ ಡಬ್ಬಿಯದು. ಅದಕ್ಕೆ 1930ರ ಅಮೆರಿಕಕ್ಕೆ ಒಂದು ಸುತ್ತು ಹೋಗಿ ಬರಬೇಕು.

ಆಗ ಕಾರಿನಲ್ಲಿ ರೇಡಿಯೊ ಅನ್ನೋದು ಹುಚ್ಚರ ಹವ್ಯಾಸ. ಶಿಕಾಗೊದಲ್ಲಿ ಪಾಲ್ ಗ್ಯಾಲ್ವಿನ್ ಅಂತ ಒಬ್ಬ, ಸಣ್ಣದೊಂದು ಕಂಪನಿ ನಡೆಸ್ತಿದ್ದ. ಮಾರುಕಟ್ಟೆ ಕುಸಿದು ಅವನ ವ್ಯಾಪಾರವೂ ಮುಳುಗೋ ಹಾಗಿತ್ತು. 1930ರ ಬೇಸಿಗೆಯಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೊ ತಯಾರಕರ ಸಮ್ಮೇಳನ. ಒಳಗೆ ಮಳಿಗೆ ಹಾಕೋಕೆ ಅವನ ಹತ್ರ ದುಡ್ಡಿಲ್ಲ. ತನ್ನ ಕಾರಿಗೇ ರೇಡಿಯೊ ಕೂರಿಸಿ, ಅದನ್ನ ಹೊರಗಡೆ ನಿಲ್ಲಿಸಿ, ಹೋಗಿ ಬರೋರಿಗೆಲ್ಲಾ ಕೇಳೋ ಹಾಗೆ ಜೋರಾಗಿ ಹಾಕಿದ. ಆರ್ಡರ್ ಬಂತು. ಆ ರೇಡಿಯೊಕ್ಕೆ ಅವನು ಇಟ್ಟ ಹೆಸರು ಮೋಟೊರೋಲ. ಹೌದು, ಅದೇ ಮೋಟೊರೋಲ. ಸಾಲ ಕೇಳೋಕೆ ಹೋದಾಗ ಬ್ಯಾಂಕಿನವನ ಕಾರಿಗೆ ರೇಡಿಯೊ ಹಾಕಿಕೊಟ್ಟನಂತೆ, ಅರ್ಧ ಗಂಟೆಗೆ ಆ ಕಾರಿಗೇ ಬೆಂಕಿ ಹತ್ತಿಕೊಳ್ತಂತೆ ಅಂತ ಒಂದು ಕಥೆ ಇವತ್ತಿಗೂ ಓಡಾಡುತ್ತೆ. ನಿಜಾನೋ ಕಟ್ಟುಕಥೆನೋ, ಕಾರ್ ಆಡಿಯೊ ಮಾಡಿಸಿದ ಯಾರಿಗೂ ನಂಬೋಕೆ ಕಷ್ಟ ಆಗಲ್ಲ.

ಆಗಿನ ತೊಂದರೆ ಏನು ಗೊತ್ತಾ? ರೇಡಿಯೊದಲ್ಲಿ ಇರ್ತಿದ್ದಿದ್ದು ಗಾಜಿನ ವಾಲ್ವುಗಳು. ಅವು ಸರಿಯಾಗಿ ಕೆಲಸ ಮಾಡೋಕೆ ನೂರು, ಇನ್ನೂರು ವೋಲ್ಟ್ ಬೇಕು. ಕಾರಿನಲ್ಲಿ ಇದ್ದಿದ್ದು 6 ವೋಲ್ಟಿನ ಬ್ಯಾಟರಿ. ಮೊದಮೊದಲು ಕಾರಿನ ನೆಲದ ಕೆಳಗೆ ಬೇರೆಯೇ ಡ್ರೈ ಬ್ಯಾಟರಿಗಳ ಕಂತೆ ಇಡ್ತಿದ್ರು. ಅವು ಖಾಲಿಯಾದ್ರೆ ಎಸೆದು ಹೊಸದು ಹಾಕಬೇಕು, ಜೇಬು ಸುಡ್ತಿತ್ತು. ನೇರವಾಗಿ ಟ್ರಾನ್ಸ್‌ಫಾರ್ಮರ್ ಹಾಕಿ ಏರಿಸೋಣ ಅಂದ್ರೆ ಬ್ಯಾಟರಿಯ ಕರೆಂಟು ಒಂದೇ ಸಮ ಹರಿಯುತ್ತೆ. ಅಂಥ ಕರೆಂಟಿಗೆ ಟ್ರಾನ್ಸ್‌ಫಾರ್ಮರ್ ಜಪ್ಪಯ್ಯ ಅನ್ನಲ್ಲ. ಅದಕ್ಕೆ ಕರೆಂಟು ಆನ್ ಆಫ್ ಆಗ್ತಾ ಇರಬೇಕು.

ಅದಕ್ಕೆ ಬಂತು ವೈಬ್ರೇಟರ್. ಆ ತಗಡಿನ ಡಬ್ಬಿಯೊಳಗೆ ಒಂದು ತೆಳು ಉಕ್ಕಿನ ಪಟ್ಟಿ, ಹಳೇ ಕಾಲಿಂಗ್ ಬೆಲ್ ನಾಲಿಗೆ ಇದ್ದ ಹಾಗೆ. ಬ್ಯಾಟರಿ ಕೊಟ್ಟ ತಕ್ಷಣ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಆ ಕಡೆ ಈ ಕಡೆ ಬಡ್ಕೊಳ್ಳುತ್ತೆ. ಒಂದೊಂದು ಬಡಿತಕ್ಕೂ ಕರೆಂಟು ಕಟ್, ಮತ್ತೆ ಆನ್. ಈ ಕತ್ತರಿಸಿದ ಕರೆಂಟು ಟ್ರಾನ್ಸ್‌ಫಾರ್ಮರಿಗೆ ಹೋಗಿ, 6 ವೋಲ್ಟ್ ಇದ್ದಿದ್ದು ಇನ್ನೂರರ ಆಸುಪಾಸಿಗೆ ಏರುತ್ತೆ. ಹಾಡಿಗೆ ಮುಂಚೆ ಕಾರಿನಲ್ಲಿ ಗುಂಯ್ ಅಂತ ಒಂದು ಸದ್ದು ಬರ್ತಿತ್ತಂತೆ. ಆ ಸದ್ದು ಹೊರಗೆ ಕೇಳಬಾರದು ಅಂತ ಡಬ್ಬಿ ಒಳಗೆ ಸ್ಪಂಜಿನಂಥ ರಬ್ಬರ್ ಸುತ್ತಿರ್ತಿದ್ರು.

ಇಡೀ ಸೆಟ್‌ನಲ್ಲಿ ಬೇಗ ಸಾಯ್ತಿದ್ದಿದ್ದೂ ಅದೇ. ಕಿಡಿ ಹಾರಿ ಹಾರಿ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳೋದು. ಅದಕ್ಕೇ ಕಂಪನಿಗಳು ಅದನ್ನ ಸೋಲ್ಡರ್ ಮಾಡದೆ ಕೆಳಗಡೆ ಪಿನ್ ಕೊಟ್ಟು, ಬಲ್ಬ್ ಬದಲಿಸಿದ ಹಾಗೆ ಬದಲಿಸೋಕೆ ಬಿಟ್ಟಿದ್ರು. ಕೆಡುತ್ತೆ ಅಂತ ಮಾಡುವಾಗಲೇ ಗೊತ್ತಿತ್ತು.

ಇಲ್ಲಿ ಯಜಮಾನರು ನನ್ನ ಮಾತು ತಡೆದು ಒಂದು ವಿಷಯ ಹೇಳಿದ್ರು. ಆಮೇಲೆ ಹಳೇ ಸರ್ವೀಸ್ ಪುಸ್ತಕಗಳಲ್ಲಿ ನಾನೂ ನೋಡಿದೆ, ಅಕ್ಷರಶಃ ಹಾಗೇ ಇದೆ. ಆ ಟ್ರಾನ್ಸ್‌ಫಾರ್ಮರಿನ ಆಚೆ ಬದಿಗೆ ಒಂದು ಪುಟಾಣಿ ಕಂಡೆನ್ಸರ್ ಇರ್ತಿತ್ತು, ಬಫರ್ ಅಂತ ಕರೀತಿದ್ರು. ಕಿಡಿಯ ಹೊಡೆತ ತಡೆಯೋದು ಅದರ ಕೆಲಸ. ಅದು ಹಾಳಾದ್ರೆ ವೈಬ್ರೇಟರ್ ಸಾಯುತ್ತೆ. ಗಿರಾಕಿಗೆ ಕಾಣೋದು ಸತ್ತ ವೈಬ್ರೇಟರ್ ಮಾತ್ರ. ಮೆಕ್ಯಾನಿಕ್ ಹೊಸ ವೈಬ್ರೇಟರ್ ಸಿಗಿಸಿ ಕೊಡ್ತಾನೆ, ರೇಡಿಯೊ ಹಾಡುತ್ತೆ, ಗಿರಾಕಿ ಖುಷಿ. ಕೆಲವು ದಿನಕ್ಕೆ ಹೊಸದೂ ಸತ್ತಿರುತ್ತೆ. ಯಾಕಂದ್ರೆ ಕೊಂದವನು ಒಳಗೇ ಕೂತಿದಾನೆ. ಹಾಗಾಗಿ ವೈಬ್ರೇಟರ್ ಬದಲಿಸಿದ್ರೆ ಬಫರ್ ಕಂಡೆನ್ಸರನ್ನೂ ಬದಲಿಸಿಯೇ ಕೊಡಬೇಕು ಅನ್ನೋದು ಆ ಕಸುಬಿನ ನಿಯಮ.

"ನಿನ್ನ ಮಾಸ್ಫೆಟ್‌ನ ಯಾರು ಕೊಂದ್ರು ಅಂತ ನೋಡಿದ್ಯಾ?" ಅಂದ್ರು. ನೋಡಿರಲಿಲ್ಲ. ನೋಡಬೇಕು ಅಂತಾನೂ ಅನ್ಸಿರಲಿಲ್ಲ. ನಾನು ಬಿ.ಕಾಂ ಓದಿದವನು, ಬಿಲ್ ನೋಡಿದ್ದೆ ಅಷ್ಟೇ.

ವೈಬ್ರೇಟರ್ ಅಂದ್ರೆ ಅಮೆರಿಕದ ಕಾರಿನ ಕಥೆ ಮಾತ್ರ ಅಂದ್ಕೋಬೇಡಿ. ಕರೆಂಟ್ ಬರೋ ಮುಂಚೆ ನಮ್ಮ ಹಳ್ಳಿಗಳಲ್ಲೂ ವಾಲ್ವ್ ರೇಡಿಯೊ ಇದ್ದವು. ಕೆಲವು ದೊಡ್ಡ ಡ್ರೈ ಬ್ಯಾಟರಿ ಪ್ಯಾಕಿನಲ್ಲಿ ಓಡ್ತಿದ್ವು, ಇನ್ನು ಕೆಲವು ಕಾರಿನ ಬ್ಯಾಟರಿ ಮತ್ತು ಇದೇ ವೈಬ್ರೇಟರಿನಲ್ಲಿ. ಊರಿಗೊಂದು ರೇಡಿಯೊ ಇರ್ತಿದ್ದ ಕಾಲ. ಬ್ಯಾಟರಿ ಇಳಿದ್ರೆ ಗಾಡಿಯಲ್ಲಿ ಹಾಕ್ಕೊಂಡು ಪೇಟೆಗೆ ಹೋಗಿ ಚಾರ್ಜ್ ಮಾಡಿಸಿಕೊಂಡು ಬರಬೇಕು. ಅದೂ ಸಾಲದು ಅಂತ ರೇಡಿಯೊ ಇಟ್ಕೊಂಡಿದ್ದಕ್ಕೆ ಪೋಸ್ಟ್ ಆಫೀಸಿನಲ್ಲಿ ವರ್ಷ ವರ್ಷ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. 1980ರ ದಶಕದವರೆಗೂ ಈ ಲೈಸೆನ್ಸ್ ಇತ್ತು. ಯಜಮಾನರ ಹತ್ರ ಒಂದು ಪುಸ್ತಕ ಇನ್ನೂ ಇದೆ, ಒಳಗೆ ಸ್ಟ್ಯಾಂಪು, ಸೀಲು. ನಾವು ಇವತ್ತು ತಿಂಗಳ ಸಬ್‌ಸ್ಕ್ರಿಪ್ಷನ್‌ಗೆ ಗೊಣಗ್ತೀವಿ.

ಕರ್ನಾಟಕಕ್ಕೆ ರೇಡಿಯೊ ಬಂದ ಕಥೆ ನಿಮಗೆ ಗೊತ್ತಿರಬಹುದು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಒಂದು ಕೇಂದ್ರ ಶುರು ಮಾಡಿದ್ರು, ಅದಕ್ಕೆ ಆಕಾಶವಾಣಿ ಅಂತ ಹೆಸರಿಟ್ರು. ನಮ್ಮ ಕಡೆಯವರಿಗೆ ರೇಡಿಯೊ ನಿಜವಾಗಿ ಹತ್ತಿರ ಆಗಿದ್ದು 1965ರಲ್ಲಿ, ಭದ್ರಾವತಿ ಕೇಂದ್ರ ಶುರುವಾದ ಮೇಲೆ. ನೆನಪಿರಲಿ, ಆಗ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ನ್ಯಾಮತಿ ಅದರೊಳಗಿನ ಒಂದು ಊರು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ನ್ಯಾಮತಿ ತಾಲ್ಲೂಕಾಗಿದ್ದು ಅದೂ ಆಗಿ ಇಪ್ಪತ್ತು ವರ್ಷದ ಮೇಲೆ. ಜಿಲ್ಲೆ ಬದಲಾದ್ರೂ ಮುಳ್ಳು ಮಾತ್ರ ಭದ್ರಾವತಿಯ 675ರಲ್ಲೇ ನಿಂತಿರ್ತಿತ್ತು ಅಂತ ನಮ್ಮ ಅಜ್ಜಿ ಹೇಳ್ತಿದ್ರು.

ಅಷ್ಟು ಹೊತ್ತಿಗೆ ವೈಬ್ರೇಟರಿನ ಕಾಲ ಮುಗೀತಾ ಬಂದಿತ್ತು. 1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ಟ್ರಾನ್ಸಿಸ್ಟರ್ ಮಾಡಿ ತೋರಿಸಿದ್ರು. 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೊ ಕಂಪನಿಗಳು ವಾಲ್ವೇ ಇಲ್ಲದ, ಪೂರ್ತಿ ಟ್ರಾನ್ಸಿಸ್ಟರಿನ ಕಾರ್ ರೇಡಿಯೊ ತರ್ತೀವಿ ಅಂತ ಘೋಷಿಸಿದ್ವು. ಬೆಲೆ 150 ಡಾಲರ್, ಆಗ ಬಹಳ ದುಬಾರಿ. ಆದ್ರೆ ಟ್ರಾನ್ಸಿಸ್ಟರಿಗೆ ಇನ್ನೂರು ವೋಲ್ಟ್ ಬೇಡ. ಕಾರಿನ ಬ್ಯಾಟರಿ ನೇರವಾಗಿ ಸಾಕು. ಅದೇ ಸಮಯಕ್ಕೆ ಕಾರುಗಳೂ 6 ವೋಲ್ಟಿನಿಂದ 12 ವೋಲ್ಟಿಗೆ ಬದಲಾಗ್ತಿದ್ವು. ಗುಂಯ್ ಅನ್ನೋ ಡಬ್ಬಿ ಮೂಲೆ ಸೇರಿತು. ನಮ್ಮಲ್ಲಿ 1954ರಲ್ಲಿ ಶುರುವಾದ ಬೆಂಗಳೂರಿನ ಬಿಇಎಲ್, 1960ರ ದಶಕದಲ್ಲಿ ವಾಲ್ವುಗಳನ್ನೂ, ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನೂ ಮಾಡೋಕೆ ಶುರು ಮಾಡ್ತು. ಬಿಇಎಲ್ ಟ್ರಾನ್ಸಿಸ್ಟರ್ ಅಂದ ತಕ್ಷಣ ಯಜಮಾನರ ಮುಖ ಬೆಳಗಿ, ಎಸಿ 128, ಎಸಿ 187, 188 ಅಂತ ನಂಬರುಗಳನ್ನ ಮೊಮ್ಮಕ್ಕಳ ಹೆಸರಿನ ಹಾಗೆ ಹೇಳಿದ್ರು.

ಹಾಗಾದ್ರೆ ಕಾಯಿಲೆ ಹೋಯ್ತಲ್ಲ? ಹೋಗಿತ್ತು. ನಾವೇ ವಾಪಸ್ ಕರೆದ್ವಿ.

ಇಲ್ಲಿ ಸ್ವಲ್ಪ ಲೆಕ್ಕ ಇದೆ, ಓಡಿ ಹೋಗಬೇಡಿ. 12 ವೋಲ್ಟಿನ ಬ್ಯಾಟರಿಯಿಂದ 4 ಓಮಿನ ಸ್ಪೀಕರಿಗೆ ಸಾಧಾರಣ ಸರ್ಕ್ಯೂಟ್ ಕೊಡಬಲ್ಲದ್ದು ಹೆಚ್ಚಂದ್ರೆ ನಾಲ್ಕೂವರೆ ವ್ಯಾಟ್. ಎಂಜಿನ್ ಓಡ್ತಾ ಇದ್ದು 14.4 ವೋಲ್ಟ್ ಬರ್ತಿದ್ರೆ ಆರೂವರೆ. ಎರಡು ಚಾನೆಲ್‌ಗಳನ್ನ ಎದುರುಬದುರಾಗಿ ಒಂದೇ ಸ್ಪೀಕರಿಗೆ ಕಟ್ಟಿದ್ರೆ, ಅಂದ್ರೆ ಬ್ರಿಡ್ಜ್ ಮಾಡಿದ್ರೆ, ಅದರ ನಾಲ್ಕು ಪಟ್ಟು, ಸುಮಾರು 26 ವ್ಯಾಟ್. ಗೋಡೆ ಅಲ್ಲಿಗೆ ಬಂತು. ಸ್ಟೀರಿಯೊ ಡಬ್ಬದ ಮೇಲೆ ಐವತ್ತು ವ್ಯಾಟ್, ನಾಲ್ಕು ಚಾನೆಲ್ ಅಂತೆಲ್ಲಾ ಹೊಳೆಯೋ ಅಕ್ಷರದಲ್ಲಿ ಇರುತ್ತಲ್ಲ, ಅದನ್ನ ನಮ್ಮ ಕಾಮರ್ಸ್ ಭಾಷೆಯಲ್ಲಿ ವಿಂಡೋ ಡ್ರೆಸಿಂಗ್ ಅಂತಾರೆ.

ಈ ಗೋಡೆಯೊಳಗೇ ಸಂತೋಷವಾಗಿದ್ದ ಒಂದು ಐಸಿ ಇತ್ತು, 4440. ಜಪಾನಿನ ಸಾನ್ಯೊ ಕಂಪನಿಯದು. ಎರಡು ಚಾನೆಲ್‌ಗೆ ಆರಾರು ವ್ಯಾಟ್, ಬ್ರಿಡ್ಜ್ ಮಾಡಿದ್ರೆ 19. ನಮ್ಮಲ್ಲಿ ಅದು ಹೋಗದ ಜಾಗ ಇಲ್ಲ. ಕಾರಿನ ಟೇಪ್, ಟ್ರ್ಯಾಕ್ಟರ್, ಆಟೊ, ಮನೆಯ ಹೋಂ ಥಿಯೇಟರ್, ಎಲ್ಲಾ ಕಡೆ 4440 ಬೋರ್ಡ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವತ್ತಿಗೂ ಕೇಳಿದ್ರೆ ಕೊಡ್ತಾರೆ. ಕೊಡೋದು ಅಸಲಿನಾ ಅಂತ ಮಾತ್ರ ಕೇಳಬೇಡಿ. ಆಂಪ್ ಅಂದ್ರೆ ನಮ್ಮಪ್ಪನ ತಲೆಮಾರಿಗೆ ಆ ಐಸಿ. ಅದು ಸುಟ್ಟರೆ ತೆಗೆದು ಹೊಸದು ಹಾಕೋದು, ಹೋಟೆಲಿನಲ್ಲಿ ಕಾಫಿ ಕುಡಿಯೋಷ್ಟರಲ್ಲಿ ಕೆಲಸ ಮುಗೀತಿತ್ತು.

ನನಗೆ ಬೇಕಾಗಿದ್ದು ಎದೆ ಗುದ್ದೋ ಬಾಸ್. ಅದಕ್ಕೆ ಮುನ್ನೂರು ವ್ಯಾಟ್ ಬೇಕು, 12 ವೋಲ್ಟಿನಲ್ಲಿ ಅದು ಆಗಲ್ಲ. ಆದ್ದರಿಂದ ಡಿಕ್ಕಿಯಲ್ಲಿ ಇಡೋ ಈ ದೊಡ್ಡ ಆಂಪುಗಳ ಒಳಗೆ ಮತ್ತೆ ಅದೇ ಹಳೇ ಏರ್ಪಾಡು ಬಂದು ಕೂತಿದೆ: 12 ವೋಲ್ಟನ್ನ ಕತ್ತರಿಸು, ಟ್ರಾನ್ಸ್‌ಫಾರ್ಮರಿಗೆ ಕೊಡು, ಏರಿಸು. ನನ್ನ ಆಂಪ್ ಒಳಗೆ ಅದು ಪ್ಲಸ್ 30, ಮೈನಸ್ 30 ವೋಲ್ಟಿನ ಹತ್ತಿರಕ್ಕೆ ಏರುತ್ತೆ. ಉಕ್ಕಿನ ಪಟ್ಟಿ ಸೆಕೆಂಡಿಗೆ ನೂರು ಸಲ ಬಡ್ಕೊಳ್ಳೋ ಜಾಗದಲ್ಲಿ ಮಾಸ್ಫೆಟ್ ಅನ್ನೋ ಸ್ವಿಚ್ಚುಗಳು ಹತ್ತಾರು ಸಾವಿರ ಸಲ ಆನ್ ಆಫ್ ಆಗ್ತವೆ. ಅಂದ್ರೆ ಶಿವಮೊಗ್ಗದಲ್ಲಿ ನಾನು ದುಡ್ಡು ಕೊಟ್ಟು ಬದಲಿಸಿಕೊಂಡು ಬಂದಿದ್ದು ವೈಬ್ರೇಟರನ್ನೇ. ಯಜಮಾನರು ಕೇಳಿದ ಪ್ರಶ್ನೆಯಲ್ಲಿ ತಮಾಷೆ ಏನೂ ಇರಲಿಲ್ಲ.

ಮಾರನೇ ದಿನ ಅವರೇ ಕಾರಿನ ಹತ್ರ ಬಂದ್ರು. ಕೈಯಲ್ಲಿ ಒಂದು ಮಲ್ಟಿಮೀಟರ್, ಒಂದು ಹಳೇ ಹೆಡ್‌ಲೈಟ್ ಬಲ್ಬ್. ಮೊದಲು ಸ್ಪೀಕರ್ ವೈರು, ಸ್ಟೀರಿಯೊದಿಂದ ಬರೋ ವೈರು ಎಲ್ಲಾ ಕಿತ್ತು, ಬರೀ ಪವರ್ ಕೊಟ್ಟು ನೋಡಿದ್ರು. ಬ್ಯಾಟರಿಯ ಪ್ಲಸ್ ವೈರಿನ ಮಧ್ಯೆ ಆ ಬಲ್ಬನ್ನ ಸೀರೀಸಾಗಿ ಕಟ್ಟಿದ್ರು. ಒಳಗೆ ಶಾರ್ಟ್ ಇದ್ರೆ ಕರೆಂಟೆಲ್ಲಾ ಬಲ್ಬಿಗೆ ಹೋಗಿ ಅದು ಪೂರ್ತಿ ಉರಿಯುತ್ತೆ, ಆಂಪ್‌ನಲ್ಲಿ ಹೊಸದಾಗಿ ಏನೂ ಸುಡಲ್ಲ. ಸರಿ ಇದ್ರೆ ಒಂದು ಸಲ ಮಿಂಚಿ ಆರಿಹೋಗುತ್ತೆ. ನನ್ನದು ಪೂರ್ತಿ ಉರೀತು. ಮಾಸ್ಫೆಟ್ ಮತ್ತೆ ಶಾರ್ಟ್.

"ಈಗ ಸತ್ತಿರೋದನ್ನ ಬಿಡು, ಕೊಂದೋರನ್ನ ಹುಡುಕಣ" ಅಂದ್ರು. ಮೀಟರನ್ನ ಓಮಿಗೆ ತಿರುಗಿಸಿ, ಆಂಪಿನಿಂದ ಕಿತ್ತ ವೂಫರ್ ವೈರಿನ ಎರಡು ತುದಿಗೆ ಹಿಡಿದ್ರು. 1.8 ತೋರಿಸ್ತು.

"ಇದು ಎಷ್ಟು ಓಮಿನ ವೂಫರ್?"

"4 ಓಮ್ ಯಜಮಾನ್ರೆ."

"4 ಓಮಿಂದು ಮೀಟರಿನಾಗೆ ಮೂರೂವರೆ ತೋರಿಸಬೇಕು. ಎಷ್ಟು ಕಟ್ಟೀಯ?"

ಎರಡು. ಪ್ಯಾರಲಲ್ ಆಗಿ. ಗಣಪತಿ ಹಬ್ಬಕ್ಕೆ ಮುಂಚೆ, ನಾನೂ ನನ್ನ ಗೆಳೆಯನೂ. ನಾಲ್ಕು ಓಮಿನ ಎರಡು ವೂಫರ್ ಹಾಗೆ ಸೇರಿಸಿದ್ರೆ ಆಂಪಿಗೆ ಕಾಣೋದು 2 ಓಮ್. ಆಂಪಿನ ಪಕ್ಕದಲ್ಲೇ ಪುಟ್ಟ ಅಕ್ಷರದಲ್ಲಿ ಬ್ರಿಡ್ಜ್‌ನಲ್ಲಿ ಕನಿಷ್ಠ 4 ಓಮ್ ಅಂತ ಅಚ್ಚಾಗಿದೆ. ದಿನಾ ಡಿಕ್ಕಿ ತೆಗೀತಿದ್ದೆ, ಒಂದು ದಿನವೂ ಓದಿರಲಿಲ್ಲ. ಓಮ್ ಅರ್ಧ ಆದ್ರೆ ಕರೆಂಟು ಎರಡು ಪಟ್ಟು. ಮುನ್ನೂರು ವ್ಯಾಟಿಗೆ ಬ್ಯಾಟರಿಯಿಂದ 40 ಆಂಪಿಯರ್ ಹತ್ರ ಎಳೀತಿದ್ದ ಯಂತ್ರಕ್ಕೆ ಎಂಬತ್ತರ ಹತ್ರ ಎಳಿ ಅಂತ ನಾವು ಹೇಳಿದ್ವಿ.

ಅರ್ತಿಂಗ್ ಕಥೆ ಇನ್ನೂ ಚಂದ. ಅದನ್ನ ಡಿಕ್ಕಿಯ ತಗಡಿಗೆ ಒಂದು ಸ್ಕ್ರೂ ಹಾಕಿ ಕೂರಿಸಿದ್ರು, ಬಣ್ಣ ಕೆರೆಯದೆ. ಬಣ್ಣದ ಮೇಲೆ ಕೂತ ಅರ್ತಿಂಗ್‌ಗೂ ಇಲ್ಲದ ಅರ್ತಿಂಗ್‌ಗೂ ಬಹಳ ವ್ಯತ್ಯಾಸ ಇಲ್ಲ. ಸ್ಕ್ರೂ ಸುತ್ತ ಕಂದು ಕಲೆ ಆಗಿತ್ತು, ಬಿಸಿಯಾಗಿ. ಒಂದು ಬೆರಳಿನಷ್ಟು ಜಾಗದಲ್ಲಿ 0.05 ಓಮ್ ತಡೆ ಇದ್ರೂ ಸಾಕು, 40 ಆಂಪಿಯರಿಗೆ 2 ವೋಲ್ಟ್ ಅಲ್ಲೇ ಹೋಗುತ್ತೆ. ವೋಲ್ಟ್ ಕುಸಿದಾಗ ಮಾಸ್ಫೆಟ್ ಪೂರ್ತಿ ಆನ್ ಆಗದೆ ಅರೆಬರೆ ತೆರ್ಕೊಳ್ಳುತ್ತೆ, ಆಗಲೇ ಅದು ಕುದಿಯೋದು.

ಈಗ ಅಂಗಡಿಯವರ ಟೇಬಲ್ ನೆನಪಿಸಿಕೊಳ್ಳಿ. ಅಲ್ಲಿ ಒಂದೇ ಸ್ಪೀಕರ್, ಗಟ್ಟಿ ವೈರು, ಒಳ್ಳೇ ಸಪ್ಲೈ. ಆಂಪ್ ಅಲ್ಲಿ ಯಾಕೆ ಕೆಡುತ್ತೆ? ಅವರ ರಿಪೇರಿ ಸರಿ ಇತ್ತು. "ಗಾಡಿ ತಗೊಂಡು ಬನ್ನಿ" ಅಂದಿದ್ದೂ ಸರಿ ಇತ್ತು. ಎರಡನೇ ವೂಫರ್ ಹಾಕಿದ್ದನ್ನ ನಾನು ಅವರಿಗೆ ಹೇಳಿರಲಿಲ್ಲ. ಹಾಗಂತ ಅವರ ಪಾಲು ಏನೂ ಇಲ್ಲ ಅಂತಲ್ಲ. ಏನು ಕಟ್ಟಿದೀರಿ ಅಂತ ಮೊದಲನೇ ಸಲವೇ ಒಂದು ಮಾತು ಕೇಳಬಹುದಿತ್ತು. ಕೇಳದೆ ಇರೋದು ತಪ್ಪೇ, ಆದ್ರೆ ನಾನು ರಿವ್ಯೂನಲ್ಲಿ ಬರೆದಿದ್ದು ಆ ತಪ್ಪನ್ನಲ್ಲ. ಕಳಪೆ ಪಾರ್ಟ್ ಹಾಕಿ ಮೋಸ ಮಾಡ್ತಾರೆ ಅಂತ ಬರೆದಿದ್ದೆ.

ಅವತ್ತೇ ಅದನ್ನ ಅಳಿಸಿದೆ. ಬರೆದು ಹನ್ನೊಂದು ದಿನ ಆಗಿತ್ತು.

ಶನಿವಾರ ಕಾರು ತಗೊಂಡು ಶಿವಮೊಗ್ಗಕ್ಕೆ ಹೋದೆ. ಅಂಗಡಿಯವರು ನನ್ನ ಮುಖ ನೋಡಿದ ತಕ್ಷಣ ಗುರುತು ಹಿಡಿದ್ರು. ಎರಡು ವೂಫರಿನ ವಿಷಯ, ಅರ್ತಿಂಗ್ ವಿಷಯ ಎಲ್ಲಾ ಹೇಳಿದೆ. ಅವರು ಬೈತಾರೆ ಅಂದ್ಕೊಂಡಿದ್ದೆ. ಬೈಯಲಿಲ್ಲ. "ನೀವು ಬರೆದಿದ್ದನ್ನ ನನ್ನ ಮಗಳು ಓದಿ ಹೇಳಿದ್ಲು ಸಾರ್. ಅವಳು ಪಿಯುಸಿ ಓದ್ತಿದಾಳೆ. ಅಪ್ಪ, ಹೌದಾ ಅಂತ ಕೇಳಿದ್ಲು" ಅಂದ್ರು. ಅಷ್ಟು ಹೇಳಿ ಸ್ಕ್ರೂಡ್ರೈವರ್ ತಗೊಂಡ್ರು. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಅಳಿಸಿದೀನಿ ಅಂದೆ. ಗೊತ್ತು, ನೋಡಿದ್ವಿ ಅಂದ್ರು.

ಮಾಸ್ಫೆಟ್ ಎಲ್ಲಾ ಬದಲಿಸಿದ್ರು. ಡಿಕ್ಕಿಯ ತಗಡಿನ ಬಣ್ಣ ಕೆರೆದು, ಹೊಳೆಯೋ ಉಕ್ಕು ಕಾಣೋವರೆಗೂ ಉಜ್ಜಿ, ದಪ್ಪ ವೈರಿಗೆ ನಟ್ಟು ಬೋಲ್ಟ್ ಹಾಕಿ ಬಿಗಿದ್ರು. ಎರಡನೇ ವೂಫರ್ ಕಿತ್ತು ಹಿಂದಿನ ಸೀಟಿನ ಮೇಲೆ ಇಟ್ರು. ಅವರೂ ಹೆಡ್‌ಲೈಟ್ ಬಲ್ಬ್ ಕಟ್ಟಿಯೇ ಪವರ್ ಕೊಟ್ಟಿದ್ದು, ಯಜಮಾನರು ಕಟ್ಟಿದ ಹಾಗೇ. ಬಲ್ಬ್ ಒಂದು ಸಲ ಮಿಂಚಿ ಆರಿತು. ಹಸಿರು ದೀಪ ಬಂತು.

ಪಾರ್ಟಿನ ದುಡ್ಡು ಮಾತ್ರ ತಗೊಂಡ್ರು, 900 ರೂಪಾಯಿ. ಕೂಲಿ ತಗೊಳ್ಳಿ ಅಂತ ಎರಡು ಸಲ ಹೇಳಿದೆ, ಬೇಡ ಅಂದ್ರು. ಅಂಗಡಿ ಹೆಸರು ಇಲ್ಲಿ ಹೇಳ್ಲಾ ಅಂತ ಕೇಳಿದ್ದಕ್ಕೆ, ಅದೂ ಬೇಡ ಸಾರ್ ಅಂದ್ರು.

ಆ ಎರಡನೇ ವೂಫರ್ ಈಗ ನಮ್ಮನೆ ಹಾಲ್‌ನಲ್ಲಿದೆ. ಮೇಲೆ ಅಮ್ಮ ತುಳಸಿ ಕುಂಡ ಇಟ್ಟಿದಾರೆ.